ಕಟ್ಟಿದ ಕರುಳಿನಲ್ಲಿ ತುಂಬಿದ ನೀರು

ಕಾಲರಾ ರೋಗಿಯ ಭೇದಿಯನ್ನು ವೈದ್ಯಕೀಯ ಪುಸ್ತಕಗಳು ಅಕ್ಕಿ ತೊಳೆದ ನೀರಿಗೆ ಹೋಲಿಸುತ್ತವೆ. ನಮ್ಮ ಮನೆಗಳಲ್ಲಿ ಅದಕ್ಕೆ ಅಕ್ಕಚ್ಚು ಎನ್ನುತ್ತೇವೆ. ದನಕ್ಕೆ ಕುಡಿಯಲು ಇಡುವ ಆ ಬೆಳ್ಳನೆಯ, ತೆಳ್ಳನೆಯ ನೀರನ್ನು ನೋಡಿದವರಿಗೆ ಈ ಹೋಲಿಕೆ ಎಷ್ಟು ಸರಿಯಾಗಿದೆ ಎಂದು ತಿಳಿಯುತ್ತದೆ. ಅದರಲ್ಲಿ ಮಲದ ಬಣ್ಣವಿಲ್ಲ, ರಕ್ತವಿಲ್ಲ, ಕೀವಿಲ್ಲ. ರೋಗಿಗೆ ಸಾಮಾನ್ಯವಾಗಿ ಜ್ವರವೂ ಇರುವುದಿಲ್ಲ. ಆದರೆ ಕಾಯಿಲೆ ಜೋರಾಗಿದ್ದರೆ ಗಂಟೆಗೆ ಅರ್ಧ ಲೀಟರಿನಿಂದ ಒಂದು ಲೀಟರಿನವರೆಗೆ ನೀರು ಹೊರಗೆ ಹೋಗುತ್ತದೆ. ಬೆಳಿಗ್ಗೆ ಹೊಲಕ್ಕೆ ಹೋಗಿದ್ದ ಗಟ್ಟಿಮುಟ್ಟಾದ ಮನುಷ್ಯ ಸಂಜೆಯ ಹೊತ್ತಿಗೆ ಇಲ್ಲವಾಗಬಹುದು.

ನಾನು ಹೌಸ್ ಸರ್ಜನ್ ಆಗಿದ್ದಾಗ ಅಂಥ ಒಂದು ವಾರ್ಡಿನಲ್ಲಿ ಕೆಲಸ ಮಾಡಿದೆ. ನಡುವೆ ದುಂಡಗೆ ಕತ್ತರಿಸಿದ ರೆಕ್ಸಿನ್ ಹಾಸಿನ ಮಂಚಗಳು, ಆ ರಂಧ್ರದ ಕೆಳಗೆ ಒಂದೊಂದು ಬಕೆಟ್ಟು, ಬಕೆಟ್ಟಿನ ಒಳಗೆ ಬಣ್ಣದಲ್ಲಿ ಎಳೆದ ಲೀಟರಿನ ಗೆರೆಗಳು. ಎಷ್ಟು ಹೋಯಿತು ಎಂಬುದನ್ನು ಆ ಗೆರೆ ನೋಡಿ ಬರೆದುಕೊಳ್ಳುತ್ತಿದ್ದೆವು. ಒಬ್ಬ ಮಧ್ಯವಯಸ್ಸಿನ ರೈತ ನೆನಪಿನಲ್ಲಿ ಉಳಿದಿದ್ದಾನೆ. ಕಣ್ಣು ಗುಳಿಬಿದ್ದಿತ್ತು, ಬೆರಳ ತುದಿಗಳು ದಿನವಿಡೀ ನೀರಿನಲ್ಲಿ ನೆನೆದ ಕೈಯಂತೆ ಸುಕ್ಕುಗಟ್ಟಿದ್ದವು, ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟರೆ ಆ ಮಡಿಕೆ ಇಳಿಯದೆ ಹಾಗೆಯೇ ನಿಲ್ಲುತ್ತಿತ್ತು. ಆದರೆ ಪ್ರಜ್ಞೆ ಪೂರ್ತಿ ಇತ್ತು. ಧ್ವನಿ ಅಡಗಿದ್ದರಿಂದ ಪಿಸುಮಾತಿನಲ್ಲಿ ನೀರು ಕೇಳುತ್ತಿದ್ದ. ಪಕ್ಕದಲ್ಲಿ ಕೂತಿದ್ದ ಹೆಂಡತಿ ನೀರಿನ ಚೊಂಬನ್ನು ಸೆರಗಿನ ಮರೆಯಲ್ಲಿ ಹಿಡಿದುಕೊಂಡಿದ್ದಳು. "ಕೊಟ್ರೆ ಇನ್ನೂ ಜಾಸ್ತಿ ಹೋಗ್ತದೆ ಅಂತಾರೆ ಡಾಕ್ಟ್ರೇ, ಕೊಡ್ಲೋ ಬ್ಯಾಡ್ವೋ?" ಎಂದು ಕೇಳಿದಳು. ಕೊಡಮ್ಮ ಎಂದೆ, ಬರಿಯ ನೀರು ಸಾಲದು ಎಂದು ಪೊಟ್ಟಣದ ಪುಡಿ ಕಲಸಿ ಕೊಟ್ಟೆ. ಆದರೆ ಯಾಕೆ ಕೊಡಬೇಕು, ಆ ಪುಡಿಯಲ್ಲಿ ಸಕ್ಕರೆ ಯಾಕಿದೆ ಎಂದು ಅವಳು ಇನ್ನೊಂದು ಪ್ರಶ್ನೆ ಹಾಕಿದ್ದರೆ ಸರಿಯಾಗಿ ಹೇಳಲು ನನಗೆ ಆಗ ಬರುತ್ತಿರಲಿಲ್ಲ. ಆ ಉತ್ತರ ಮನುಷ್ಯರಿಗೆ ದಕ್ಕಿದ ಬಗೆಯೇ ಈ ಸಂಜೆಯ ವಿಷಯ. ಅದಕ್ಕಾಗಿ ನಿಮ್ಮನ್ನು ಕಲ್ಕತ್ತೆಯ ಒಂದು ವೈದ್ಯಕೀಯ ಕಾಲೇಜಿಗೆ, ಒಂದು ಮೊಲದ ಬಳಿಗೆ ಕರೆದುಕೊಂಡು ಹೋಗಬೇಕಾಗಿದೆ.

ಕಾಲರಾದ ರೋಗಾಣುವನ್ನು ಗುರುತಿಸಿದ್ದು ಹಳೆಯ ಸಂಗತಿ. ಇಟಲಿಯ ಫಿಲಿಪ್ಪೊ ಪಾಚಿನಿ 1854ರಲ್ಲಿಯೇ ಸತ್ತವರ ಕರುಳಿನಲ್ಲಿ ಅದನ್ನು ಸೂಕ್ಷ್ಮದರ್ಶಕದಲ್ಲಿ ಕಂಡಿದ್ದರು. ಆಗ ಯಾರೂ ಅದಕ್ಕೆ ಕಿವಿಗೊಡಲಿಲ್ಲ. ರಾಬರ್ಟ್ ಕಾಖ್ 1883ರಲ್ಲಿ ಈಜಿಪ್ಟಿಗೆ, ಅದೇ ವರ್ಷದ ಕೊನೆಗೆ ಕಲ್ಕತ್ತೆಗೆ ಬಂದು, ಅಲ್ಪವಿರಾಮದ ಚಿಹ್ನೆಯಂತೆ ಬಾಗಿದ ಈ ಬ್ಯಾಕ್ಟೀರಿಯಾವನ್ನು ಬೆಳೆಸಿ, 1884ರಲ್ಲಿ ವರದಿ ಮಾಡಿದರು. ಇಲ್ಲಿರುವ ವಿದ್ಯಾರ್ಥಿಗಳು ತೂಗುಹನಿಯ ಸ್ಲೈಡಿನಲ್ಲಿ ಇದನ್ನು ನೋಡಿರಬಹುದು. ಬೇರೆ ಬ್ಯಾಕ್ಟೀರಿಯಾಗಳು ತೇಲುತ್ತ ತಿರುಗುತ್ತಿದ್ದರೆ, ಇದು ಬಾಣ ಬಿಟ್ಟಂತೆ ನೋಟದ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಸುಯ್ಯನೆ ಹಾಯುತ್ತದೆ. ಬಾಲದಂಥ ಒಂದೇ ಒಂದು ಎಳೆಯನ್ನು ತಿರುಗಿಸಿ ಈಜುವ ಜೀವಿ ಅದು. ಈ ಈಜನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ; ರೋಗನಿರೋಧದ ಮಾತಿಗೆ ಬಂದಾಗ ಇದು ಮತ್ತೆ ಬೇಕಾಗುತ್ತದೆ.

ರೋಗಾಣು ಸಿಕ್ಕಿತು, ಆದರೆ ಅದು ಕೊಲ್ಲುವ ಬಗೆ ಸಿಕ್ಕಲಿಲ್ಲ. ಅದು ರಕ್ತಕ್ಕೆ ಇಳಿಯುವುದಿಲ್ಲ, ಕರುಳಿನ ಗೋಡೆಯನ್ನು ಕೊರೆಯುವುದಿಲ್ಲ, ಒಳಗಿನ ಯಾವ ಅಂಗಕ್ಕೂ ಹೋಗುವುದಿಲ್ಲ. ಬಾಯಿಯಿಂದ ಗುದದವರೆಗಿನ ಈ ನಾಳದ ಪೊಳ್ಳು ಒಂದರ್ಥದಲ್ಲಿ ದೇಹದ ಹೊರಗೇ ಇದೆ. ಅಲ್ಲಿ ಕೂತ ಬ್ಯಾಕ್ಟೀರಿಯಾ ಒಳಗಿನ ನೀರನ್ನೆಲ್ಲ ಹೇಗೆ ಹೊರಗೆ ಎಳೆಯುತ್ತದೆ? ಯಾವುದೋ ವಿಷವಿರಬೇಕು ಎಂದು ಕಾಖ್ ಊಹಿಸಿದ್ದರು. ಅವರ ಸಹೋದ್ಯೋಗಿ ರಿಚರ್ಡ್ ಫೈಫರ್ ಸತ್ತ ರೋಗಾಣುಗಳನ್ನು ಪ್ರಾಣಿಗಳಿಗೆ ಚುಚ್ಚಿ, ಬ್ಯಾಕ್ಟೀರಿಯಾದ ಮೈಗೇ ಅಂಟಿಕೊಂಡ ಒಂದು ವಿಷವಿದೆ ಎಂದು ತೋರಿಸಿದರು. ಅದು ನಿಜವಾದ, ಮಹತ್ವದ ಶೋಧವೇ. ಆದರೆ ಅಂಥ ವಿಷ ಈ ಗುಂಪಿನ ನೂರಾರು ಬ್ಯಾಕ್ಟೀರಿಯಾಗಳ ಹೊರಪೊರೆಯಲ್ಲಿ ಇದೆ. ಅದನ್ನು ಚುಚ್ಚಿಸಿಕೊಂಡ ಪ್ರಾಣಿ ಜ್ವರ ಬಂದು, ರಕ್ತದೊತ್ತಡ ಕುಸಿದು ಸಾಯುತ್ತದೆಯೇ ಹೊರತು ಅದಕ್ಕೆ ಅಕ್ಕಚ್ಚಿನಂಥ ಭೇದಿ ಆಗುವುದಿಲ್ಲ. ಹಾಗಿದ್ದರೂ ಆಮೇಲಿನ ಆರೇಳು ದಶಕಗಳ ಕಾಲ ಹೆಚ್ಚಿನವರು ಅದೇ ದಾರಿಯಲ್ಲಿ ನಡೆದರು. ರಕ್ತಕ್ಕೆ ಚುಚ್ಚಿದರು, ಹೊಟ್ಟೆಯ ಕುಹರಕ್ಕೆ ಚುಚ್ಚಿದರು, ಚರ್ಮದ ಕೆಳಗೆ ಚುಚ್ಚಿದರು. ಪ್ರಾಣಿಗಳು ಸತ್ತವು. ಆದರೆ ಸತ್ತದ್ದು ಕಾಲರಾದಿಂದ ಅಲ್ಲ.

ಬಾಯಿಯ ಮೂಲಕ ಕುಡಿಸಿ ನೋಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕುಡಿಸಿ ನೋಡಿದ್ದರು. ಬೆಳೆದ ಪ್ರಾಣಿಗಳ ಜಠರದ ಆಮ್ಲ ಹೆಚ್ಚಿನ ರೋಗಾಣುಗಳನ್ನು ಕೊಲ್ಲುತ್ತದೆ. ಉಳಿದವನ್ನು ಕರುಳಿನ ಅಲೆಯಂಥ ಚಲನೆ ಮುಂದಕ್ಕೆ ದೂಡಿ ಹೊರಹಾಕುತ್ತದೆ. ರೋಗವೇ ಕಾಣಿಸಿಕೊಳ್ಳುವುದಿಲ್ಲ.

ಈಗ ಶಂಭುನಾಥ ದೇ ಅವರ ಬಳಿಗೆ ಬರೋಣ. 1915ರಲ್ಲಿ ಬಂಗಾಳದ ಹೂಗ್ಲಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ಹುಟ್ಟಿದವರು. ಕಲ್ಕತ್ತ ಮೆಡಿಕಲ್ ಕಾಲೇಜಿನಲ್ಲಿ ಓದಿ, ಲಂಡನ್ನಿನಲ್ಲಿ ರಾಯ್ ಕ್ಯಾಮರಾನ್ ಅವರ ಕೈಕೆಳಗೆ ರೋಗಶಾಸ್ತ್ರದಲ್ಲಿ ಸಂಶೋಧನೆ ಮಾಡಿ, 1949ರಲ್ಲಿ ಪಿಎಚ್‌ಡಿ ಪಡೆದು ಹಿಂತಿರುಗಿದರು. ಕಲ್ಕತ್ತದ ನೀಲರತನ್ ಸರ್ಕಾರ್ ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ. ಕಾಲರಾ ಅಲ್ಲಿ ವರ್ಷವರ್ಷವೂ ಬರುತ್ತಿದ್ದ ಅತಿಥಿ. ಸಂಶೋಧನೆಯ ವಿಷಯವನ್ನು ಹುಡುಕಿಕೊಂಡು ಅವರು ದೂರ ಹೋಗಬೇಕಾಗಿರಲಿಲ್ಲ.

ದೇ ಅವರು ಮಾಡಿದ್ದು ಇಷ್ಟು. ಮೊಲಕ್ಕೆ ಅರಿವಳಿಕೆ ಕೊಟ್ಟು ಹೊಟ್ಟೆಯನ್ನು ತೆರೆದರು. ಸಣ್ಣ ಕರುಳಿನ ಸುಮಾರು ನಾಲ್ಕು ಅಂಗುಲ ಉದ್ದದ ಒಂದು ತುಂಡನ್ನು, ಅದರ ರಕ್ತನಾಳಗಳಿಗೆ ಧಕ್ಕೆಯಾಗದಂತೆ, ಎರಡೂ ತುದಿಗೆ ದಾರ ಬಿಗಿದು ಪ್ರತ್ಯೇಕಿಸಿದರು. ಆ ಕಟ್ಟಿದ ತುಂಡಿನ ಒಳಕ್ಕೆ ಸೂಜಿಯಿಂದ ಕಾಲರಾ ರೋಗಾಣುವಿನ ದ್ರವವನ್ನು ಬಿಟ್ಟರು. ಅದೇ ಮೊಲದ ಕರುಳಿನ ಇನ್ನೊಂದು ಕಟ್ಟಿದ ತುಂಡಿಗೆ ರೋಗಾಣುವಿಲ್ಲದ ದ್ರವ. ಕರುಳನ್ನು ಒಳಗಿಟ್ಟು ಹೊಟ್ಟೆಯನ್ನು ಹೊಲಿದರು. ಮರುದಿನ ತೆರೆದು ನೋಡಿದರೆ, ರೋಗಾಣುವಿಲ್ಲದ ತುಂಡು ಒದ್ದೆ ಲಾಡಿಯಂತೆ ಚಪ್ಪಟೆಯಾಗಿ ಬಿದ್ದಿತ್ತು. ರೋಗಾಣುವಿದ್ದ ತುಂಡು ಉಬ್ಬಿ, ಬಿಗಿದು, ಹೊಳೆಯುತ್ತಿತ್ತು. ಅದರೊಳಗೆ ಇದ್ದದ್ದು ಅದೇ ಅಕ್ಕಚ್ಚಿನಂಥ ನೀರು.

ಯೋಚಿಸಿ ನೋಡಿ, ಎರಡು ದಾರದ ಗಂಟುಗಳು ಎಷ್ಟು ಅಡ್ಡಿಗಳನ್ನು ಒಟ್ಟಿಗೆ ನಿವಾರಿಸಿದವು. ಜಠರದ ಆಮ್ಲವನ್ನು ದಾಟಬೇಕಾದ ಪ್ರಮೇಯವಿಲ್ಲ. ಕರುಳಿನ ಚಲನೆ ರೋಗಾಣುವನ್ನು ದೂಡಿಹಾಕುವಂತಿಲ್ಲ. ಒಸರಿದ ನೀರು ಹರಿದುಹೋಗದೆ ಅಲ್ಲೇ ನಿಲ್ಲುತ್ತದೆ, ಅಳೆಯಲು ಸಿಗುತ್ತದೆ. ಹೋಲಿಕೆಗೆ ಬೇಕಾದ ತುಂಡು ಅದೇ ಪ್ರಾಣಿಯಲ್ಲಿ, ಅದೇ ಹೊತ್ತಿನಲ್ಲಿ, ಪಕ್ಕದಲ್ಲೇ ಇದೆ. ರೋಗ ನಡೆಯುವ ಜಾಗವನ್ನು ಬಿಟ್ಟು ಬೇರೆಲ್ಲ ಕಡೆ ಚುಚ್ಚುತ್ತಿದ್ದ ಕಾಲದಲ್ಲಿ ದೇ ಅವರು ರೋಗ ನಡೆಯುವ ಜಾಗಕ್ಕೇ ಹೋಗಿ ಪ್ರಶ್ನೆ ಕೇಳಿದರು. ಡಿ.ಎನ್. ಚಟರ್ಜಿ ಅವರೊಂದಿಗೆ 1953ರಲ್ಲಿ ಪ್ರಕಟಿಸಿದ ಆ ಪ್ರಬಂಧ ನಾಲ್ಕೇ ಪುಟದ್ದು. ಇಂಥದೇ ಪ್ರಯೋಗವನ್ನು 1915ರಲ್ಲಿ ವಿಯೋಲ್ ಮತ್ತು ಕ್ರೆಂಡಿರೊಪೌಲೊ ಎಂಬ ಇಬ್ಬರು ಮಾಡಿದ್ದರು ಎಂಬುದನ್ನೂ ಹೇಳಬೇಕು. ಅದು ಮರೆತೇಹೋಗಿತ್ತು, ಅದನ್ನು ಯಾರೂ ಮುಂದಕ್ಕೆ ಒಯ್ದಿರಲಿಲ್ಲ. ದೇ ಅವರು ತಾವಾಗಿಯೇ ಅಲ್ಲಿಗೆ ತಲುಪಿದರು, ತಲುಪಿ ಅಲ್ಲಿಯೇ ನಿಲ್ಲಲಿಲ್ಲ.

1956ರಲ್ಲಿ ಅವರು ಮತ್ತು ಅವರ ಸಂಗಡಿಗರು ಕಾಲರಾದಂತೆಯೇ ಕಾಣುವ, ಆದರೆ ಕಾಲರಾ ರೋಗಾಣು ಸಿಗದ ರೋಗಿಗಳಿಂದ ಪಡೆದ ಇ-ಕೋಲೈ ಬ್ಯಾಕ್ಟೀರಿಯಾವನ್ನು ಇದೇ ರೀತಿ ಪರೀಕ್ಷಿಸಿದರು. ಕೆಲವು ತಳಿಗಳು ಕರುಳಿನ ತುಂಡನ್ನು ಅದೇ ರೀತಿ ಉಬ್ಬಿಸಿದವು. ಎಲ್ಲರ ಹೊಟ್ಟೆಯಲ್ಲೂ ಸಾಧುವಾಗಿ ಬಾಳುವ ಇ-ಕೋಲೈಯ ಕುಲದಲ್ಲಿ ಭೇದಿ ತರಿಸುವ ತಳಿಗಳೂ ಇವೆ ಎಂಬ ತಿಳಿವಳಿಕೆಗೆ ಇದು ದೊಡ್ಡ ಆಧಾರವಾಯಿತು. ಆ ತಳಿಗಳು ಉಂಟುಮಾಡುವ ಒಂದು ವಿಷ ಕಾಲರಾ ವಿಷದ ಹತ್ತಿರದ ನೆಂಟ ಎಂದು ನಂತರ ಗೊತ್ತಾಯಿತು.

ಇನ್ನು 1959. ಕರುಳು ಉಬ್ಬುವುದಕ್ಕೆ ಜೀವಂತ ರೋಗಾಣುವೇ ಬೇಕೇ, ಅಥವಾ ಅದು ಹೊರಬಿಡುವ ಯಾವುದೋ ವಸ್ತು ಸಾಕೇ? ರೋಗಾಣುವನ್ನು ದ್ರವದಲ್ಲಿ ಬೆಳೆಸಿ, ಬ್ಯಾಕ್ಟೀರಿಯಾವನ್ನು ತಡೆಹಿಡಿಯುವ ಸೋಸುಕದಲ್ಲಿ ಸೋಸಿ, ಒಂದೇ ಒಂದು ಜೀವಾಣುವೂ ಉಳಿಯದ ಆ ಸೋಸಿದ ನೀರನ್ನು ಕರುಳಿನ ತುಂಡಿಗೆ ಬಿಟ್ಟರು. ಕರುಳು ಉಬ್ಬಿತು. ರೋಗಾಣುವಿಲ್ಲ, ರೋಗವಿದೆ. ವಿಷವು ಬ್ಯಾಕ್ಟೀರಿಯಾದ ಮೈಗೆ ಅಂಟಿದ್ದಲ್ಲ, ಅದು ಹೊರಕ್ಕೆ ಸುರಿಸುವಂಥದು ಎಂದು ತೀರ್ಮಾನವಾಯಿತು. ಎರಡು ಪುಟದ ಈ ಬರಹ ನೇಚರ್ ಪತ್ರಿಕೆಯಲ್ಲಿ ಆ ವರ್ಷದ ಮೇ ತಿಂಗಳಲ್ಲಿ ಬಂತು. ಅದೇ ವರ್ಷ ಮುಂಬಯಿಯ ಹಾಫ್‌ಕಿನ್ ಸಂಸ್ಥೆಯಲ್ಲಿ ಎನ್.ಕೆ. ದತ್ತ ಮತ್ತು ಸಂಗಡಿಗರು ಹಾಲು ಕುಡಿಯುವ ಮೊಲದ ಮರಿಗಳಲ್ಲಿ ಜೀವಾಣುವಿಲ್ಲದ ಸಾರದಿಂದಲೇ ಭೇದಿ ಬರಿಸಿದ್ದನ್ನು ಪ್ರಕಟಿಸಿದರು. ಕಾಖ್ ಊಹಿಸಿ 75 ವರ್ಷಗಳಾದ ಮೇಲೆ, ನಮ್ಮ ದೇಶದ ಎರಡು ನಗರಗಳಲ್ಲಿ ಬೇರೆ ಬೇರೆಯಾಗಿ ಆ ಊಹೆಗೆ ಪುರಾವೆ ಸಿಕ್ಕಿತು.

ಆಗ ಇನ್ನೊಂದು ನಂಬಿಕೆ ಗಟ್ಟಿಯಾಗಿತ್ತು. ಕಾಲರಾದಲ್ಲಿ ಕರುಳಿನ ಒಳಪೊರೆ ಕಳಚಿ ಉದುರುತ್ತದೆ, ಸುಟ್ಟ ಚರ್ಮದಿಂದ ನೀರು ಒಸರುವಂತೆ ಬೋಳಾದ ಕರುಳಿನಿಂದ ನೀರು ಒಸರುತ್ತದೆ ಎಂಬ ನಂಬಿಕೆ. ಸತ್ತವರ ಕರುಳನ್ನು ಪರೀಕ್ಷಿಸಿದವರು ಹಾಗೆ ಕಂಡದ್ದು ಸುಳ್ಳಲ್ಲ; ಆದರೆ ಸತ್ತ ಮೇಲೆ ಕರುಳಿನ ಒಳಪೊರೆ ಬಹಳ ಬೇಗ ಕೊಳೆತು ಕಳಚುತ್ತದೆ. 1959ರ ಬ್ಯಾಂಕಾಕ್ ಪಿಡುಗಿನಲ್ಲಿ ಯುಜೀನ್ ಗ್ಯಾಂಗರೋಸ ಮತ್ತು ಜೊತೆಗಾರರು ಬದುಕಿರುವ ರೋಗಿಗಳಿಗೆ ಒಂದು ಪುಟ್ಟ ಲೋಹದ ಗುಳಿಗೆಯನ್ನು ನುಂಗಿಸಿ, ಅದರ ಮೂಲಕ ಕರುಳಿನ ಒಳಪೊರೆಯ ಚೂರನ್ನು ತೆಗೆದು ನೋಡಿದರು. ಪೊರೆ ಇದ್ದಲ್ಲೇ ಇತ್ತು. ಕರುಳು ಗಾಯಗೊಂಡಿರಲಿಲ್ಲ.

ಈ ಮಾತನ್ನು ಸ್ವಲ್ಪ ನಿಧಾನವಾಗಿ ಹೇಳಬೇಕೆನಿಸುತ್ತದೆ, ಏಕೆಂದರೆ ಮುಂದಿನದೆಲ್ಲ ಇದರ ಮೇಲೆ ನಿಂತಿದೆ. ಕರುಳು ಬೋಳಾಗಿದ್ದರೆ ಬಾಯಿಯಿಂದ ಏನು ಕೊಟ್ಟರೂ ಅದನ್ನು ಹೀರಿಕೊಳ್ಳುವವರು ಯಾರೂ ಇಲ್ಲ. ಚೊಂಬು ಹಿಡಿದು ಕೂತಿದ್ದ ಆ ಹೆಣ್ಣುಮಗಳ ಹೆದರಿಕೆಯೇ ಸರಿಯಾಗುತ್ತಿತ್ತು. ಕರುಳಿನ ಕೋಶಗಳು ಜೀವಂತವಾಗಿ ಸಾಲುಗಟ್ಟಿ ನಿಂತಿವೆ ಎಂದಾದರೆ ಪ್ರಶ್ನೆ ಬೇರೆಯಾಗುತ್ತದೆ. ರೋಗದಲ್ಲಿ ಯಾವುದು ಕೆಟ್ಟಿದೆ ಎಂಬುದರ ಜೊತೆಗೆ ಯಾವುದು ಕೆಟ್ಟಿಲ್ಲ ಎಂಬುದನ್ನೂ ಕೇಳಬೇಕಾಗುತ್ತದೆ.

ಆರೋಗ್ಯವಂತರ ಕರುಳಿನೊಳಕ್ಕೆ ದಿನವೂ ಎಂಟೊಂಬತ್ತು ಲೀಟರ್ ದ್ರವ ಬರುತ್ತದೆ. ನಾವು ಕುಡಿದ ನೀರು ಅದರಲ್ಲಿ ಕಾಲು ಪಾಲು ಮಾತ್ರ. ಉಳಿದದ್ದು ಜೊಲ್ಲು, ಜಠರರಸ, ಪಿತ್ತ, ಕರುಳೇ ಒಸರಿಸುವ ರಸ. ಅಷ್ಟೂ ನೀರು ಮರಳಿ ಒಳಕ್ಕೆ ಹೀರಲ್ಪಟ್ಟು, ಮಲದಲ್ಲಿ ಹೊರಹೋಗುವುದು ನೂರಿನ್ನೂರು ಮಿಲಿಲೀಟರ್. ನಮ್ಮ ಮೈಯೊಳಗಿನ ನೀರನ್ನು ಒಂದು ಕೆರೆಯಂತೆ ಭಾವಿಸಿ. ಹಳ್ಳದ ನೀರು ಒಂದು ಕಡೆಯಿಂದ ಬಂದು ತುಂಬುತ್ತಿದೆ, ಏರಿಯಲ್ಲಿರುವ ತೂಬಿನಿಂದ ಗದ್ದೆಗೆ ಹರಿಯುತ್ತಿದೆ. ತೂಬನ್ನು ಬೇಕಾದಾಗ ಎತ್ತುತ್ತಾರೆ, ಬೇಡವಾದಾಗ ಇಳಿಸುತ್ತಾರೆ. ಕೆರೆಯನ್ನು ಬರಿದು ಮಾಡಬೇಕೆಂದರೆ ಏರಿಯನ್ನು ಒಡೆಯಬೇಕಾಗಿಲ್ಲ. ಎತ್ತಿದ ತೂಬು ಮತ್ತೆ ಇಳಿಯದಂತೆ ಮಾಡಿದರೆ ಸಾಕು. ಕಾಲರಾ ವಿಷ ಮಾಡುವುದು ಇದನ್ನೇ.

ಆ ವಿಷವನ್ನು 1969ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ರಿಚರ್ಡ್ ಫಿಂಕಲ್‌ಸ್ಟೈನ್ ಮತ್ತು ಲೊಸ್ಪಾಲೂಟೊ ಶುದ್ಧ ರೂಪದಲ್ಲಿ ಬೇರ್ಪಡಿಸಿದರು. ಅದರಲ್ಲಿ ಆರು ತುಣುಕುಗಳಿವೆ. ಐದು ಒಂದೇ ಬಗೆಯವು, ಸುತ್ತಲೂ ಉಂಗುರದಂತೆ ಜೋಡಿಸಿಕೊಂಡಿವೆ; ಅವಕ್ಕೆ ಬಿ ಎಂದು ಹೆಸರು. ಉಂಗುರದ ನಡುವೆ ಸಿಕ್ಕಿಸಿಕೊಂಡಿರುವ ಆರನೆಯದು ಎ. ಉಂಗುರಕ್ಕೆ ಸ್ವತಃ ವಿಷದ ಗುಣವಿಲ್ಲ. ಕರುಳಿನ ಕೋಶದ ಮೈಮೇಲೆ ಜಿಎಂ-1 ಎಂಬ ಸಕ್ಕರೆ ಬೆರೆತ ಕೊಬ್ಬಿನ ಅಣುಗಳಿವೆ. ಉಂಗುರ ಅವನ್ನು ಐದು ಕೈಯಿಂದ ಹಿಡಿದುಕೊಳ್ಳುತ್ತದೆ, ಕೋಶವು ಅದನ್ನು ಒಳಕ್ಕೆ ಸೆಳೆದುಕೊಳ್ಳುತ್ತದೆ. ಇಲ್ಲಿಂದ ಮುಂದೆ ನಡೆಯುವುದನ್ನು ಪಾಠ ಹೇಳುವಾಗಲೆಲ್ಲ ನನಗೆ ಬೆರಗಾಗುತ್ತದೆ. ಕೋಶವು ತಾನು ತಯಾರಿಸಿದ ಪ್ರೋಟೀನನ್ನು ಹೊರಗೆ ಕಳಿಸಲು ಬಳಸುವ ದಾರಿಯಲ್ಲಿ ಈ ವಿಷ ಹಿಮ್ಮುಖವಾಗಿ ಸಾಗಿ, ಪ್ರೋಟೀನು ಮಡಿಕೆಗೊಳ್ಳುವ ಕೋಣೆಯನ್ನು ತಲುಪುತ್ತದೆ. ಅಲ್ಲಿ ಎ ತುಣುಕು ಬಿಡಿಸಿಕೊಂಡು, ಸರಿಯಾಗಿ ಮಡಿಕೆಯಾಗದ ಕೆಟ್ಟ ಪ್ರೋಟೀನಿನಂತೆ ತೋರಿಸಿಕೊಳ್ಳುತ್ತದೆ. ಅಂಥ ಕೆಟ್ಟ ಪ್ರೋಟೀನುಗಳನ್ನು ಹೊರದೂಡಿ ನಾಶಮಾಡುವ ಏರ್ಪಾಡು ಕೋಶದಲ್ಲಿದೆ. ಆ ಏರ್ಪಾಡೇ ಇದನ್ನು ಕೋಶರಸಕ್ಕೆ ದೂಡುತ್ತದೆ. ಹೊರಬಿದ್ದ ಕೂಡಲೆ ಅದು ಮತ್ತೆ ಸರಿಯಾಗಿ ಮಡಿಕೆಗೊಂಡು, ನಾಶವಾಗದೆ ಉಳಿದು, ಕೆಲಸಕ್ಕೆ ತೊಡಗುತ್ತದೆ.

ಕೆಲಸ ಏನೆಂದರೆ, ಜಿಎಸ್ ಎಂಬ ಒಂದು ಪ್ರೋಟೀನನ್ನು ಹಿಡಿದು ಅದರ ಮೇಲೆ ಒಂದು ರಾಸಾಯನಿಕ ಬೆಣೆ ಹೊಡೆಯುವುದು. ಹೊರಗಿನಿಂದ ಸಂದೇಶ ಬಂದಾಗ ಜಿಎಸ್ ಚಾಲೂ ಆಗುತ್ತದೆ, ಸ್ವಲ್ಪ ಹೊತ್ತಿನಲ್ಲಿ ತಾನಾಗಿಯೇ ಬಂದ್ ಆಗುತ್ತದೆ. ಬೆಣೆ ಬಿದ್ದ ಮೇಲೆ ಅದಕ್ಕೆ ಬಂದ್ ಆಗಲು ಬರುವುದಿಲ್ಲ. ಪರಿಣಾಮವಾಗಿ ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕ ಕೋಶದಲ್ಲಿ ಏರುತ್ತಲೇ ಹೋಗುತ್ತದೆ, ಕ್ಲೋರೈಡ್ ಅಯಾನುಗಳನ್ನು ಹೊರಬಿಡುವ ಬಾಗಿಲು ತೆರೆದೇ ಇರುತ್ತದೆ. ಕ್ಲೋರೈಡಿನ ಹಿಂದೆ ಸೋಡಿಯಂ, ಇವೆರಡೂ ಸೇರಿದ ಉಪ್ಪಿನ ಹಿಂದೆ ನೀರು. ಸಾಮಾನ್ಯವಾಗಿ ಉಪ್ಪನ್ನು ಒಳಕ್ಕೆ ಹೀರುವ ಒಂದು ದಾರಿಯೂ ಇದೇ ಕಾರಣಕ್ಕೆ ಮುಚ್ಚಿಹೋಗುತ್ತದೆ. ಕೋಶ ಸಾಯುವುದಿಲ್ಲ. ಕರುಳಿನ ಕೋಶಗಳ ಆಯುಸ್ಸು ಹೇಗೂ ಮೂರರಿಂದ ಐದು ದಿನ. ಬೆಣೆ ಬಿದ್ದ ಕೋಶಗಳು ಉದುರಿ ಹೊಸವು ಬರುತ್ತವೆ. ಆದ್ದರಿಂದ ಹೋದಷ್ಟು ನೀರನ್ನೂ ಉಪ್ಪನ್ನೂ ತುಂಬುತ್ತ ಆ ಕೆಲವು ದಿನ ರೋಗಿಯನ್ನು ಉಳಿಸಿಕೊಂಡರೆ ಸಾಕು, ಕಾಯಿಲೆ ತಾನಾಗಿಯೇ ಮುಗಿಯುತ್ತದೆ.

ಇಲ್ಲಿ ಒಂದು ಪಕ್ಕದ ಮಾತು. ಕೋಶಗಳು ಹೊರಗಿನ ಸಂದೇಶವನ್ನು ಒಳಕ್ಕೆ ಹೇಗೆ ದಾಟಿಸುತ್ತವೆ ಎಂಬುದನ್ನು ಬಿಡಿಸಿದ್ದಕ್ಕಾಗಿ ಆಲ್ಫ್ರೆಡ್ ಗಿಲ್ಮನ್ ಮತ್ತು ಮಾರ್ಟಿನ್ ರಾಡ್‌ಬೆಲ್ ಅವರಿಗೆ 1994ರಲ್ಲಿ ನೊಬೆಲ್ ಬಹುಮಾನ ಬಂತು. ಆ ಸಂಶೋಧನೆಯ ಕಾಲದಲ್ಲಿ ಜಿಎಸ್ ಪ್ರೋಟೀನನ್ನು ಗುರುತು ಹಚ್ಚಲು ವಿಜ್ಞಾನಿಗಳು ಬಳಸಿದ ಸಾಧನಗಳಲ್ಲಿ ಕಾಲರಾ ವಿಷವೂ ಒಂದು. ಸಾವಿರ ಪ್ರೋಟೀನುಗಳ ನಡುವೆ ವಿಷ ಯಾವುದಕ್ಕೆ ಬೆಣೆ ಹೊಡೆಯುತ್ತದೋ ಅದೇ ನಾವು ಹುಡುಕುವ ಪ್ರೋಟೀನು ಎಂದು ವಿಕಿರಣದ ಗುರುತಿನಿಂದ ಕಂಡುಕೊಂಡರು. ಅಡ್ರಿನಲಿನ್ ಹೃದಯದ ಬಡಿತವನ್ನು ಏರಿಸುವುದೂ ಇದೇ ಪ್ರೋಟೀನಿನ ಮೂಲಕ. ಕಲ್ಕತ್ತದ ಬಡವರ ಕಾಯಿಲೆಯೊಂದರ ಬೆನ್ನು ಹತ್ತಿದವರು ಎಲ್ಲ ಪ್ರಾಣಿಗಳ ಮೈಯೊಳಗಿನ ಒಂದು ಮೂಲ ವ್ಯವಸ್ಥೆಯ ಕೀಲಿಯನ್ನು ಕೈಗೆ ಕೊಟ್ಟರು.

ಈಗ ಸಕ್ಕರೆಯ ಮಾತು. 1960ರಲ್ಲಿ ಪ್ರಾಗ್ ನಗರದ ಒಂದು ಸಭೆಯಲ್ಲಿ ರಾಬರ್ಟ್ ಕ್ರೇನ್, ಕರುಳು ಗ್ಲೂಕೋಸನ್ನು ಹೀರುವಾಗ ಸೋಡಿಯಮ್ಮನ್ನೂ ಜೊತೆಗೆ ಒಳಕ್ಕೆ ಒಯ್ಯುತ್ತದೆ ಎಂಬ ವಿವರಣೆಯನ್ನು ಮುಂದಿಟ್ಟರು. ಒಂದು ಗ್ಲೂಕೋಸ್ ಅಣುವಿನೊಡನೆ ಎರಡು ಸೋಡಿಯಂ ಒಂದೇ ಬಾಗಿಲಲ್ಲಿ ಒಳಗೆ ಹೋಗುತ್ತವೆ. ಉಪ್ಪು ಹೋದಲ್ಲಿಗೆ ನೀರು ಹೋಗುತ್ತದೆ. ಕ್ರೇನ್ ಅವರ ಕೆಲಸಕ್ಕೂ ಕಾಲರಾಕ್ಕೂ ನೇರ ಸಂಬಂಧವಿರಲಿಲ್ಲ. ಆದರೆ ಕಾಲರಾ ವಿಷದ ಬೆಣೆ ಈ ಬಾಗಿಲನ್ನು ತಟ್ಟುವುದೇ ಇಲ್ಲ. ತೂಬು ಇಳಿಯದೆ ನೀರು ಹೊರಗೆ ಹೋಗುತ್ತಿದ್ದರೂ, ಕೆರೆಗೆ ನೀರು ತರುವ ಒಂದು ಕಾಲುವೆ ಚೆನ್ನಾಗಿಯೇ ಇದೆ. ಆ ಕಾಲುವೆಯಲ್ಲಿ ನೀರು ಹರಿಯಬೇಕಾದರೆ ಉಪ್ಪು ಮತ್ತು ಗ್ಲೂಕೋಸ್ ಎರಡೂ ಒಟ್ಟಿಗೆ ಇರಬೇಕು. ಬರಿಯ ನೀರು ಕೊಟ್ಟರೆ ಸಾಲದು, ಬರಿಯ ಉಪ್ಪುನೀರೂ ಸಾಲದು ಎಂಬುದಕ್ಕೆ ಕಾರಣ ಇದು. ಆ ಹೆಣ್ಣುಮಗಳಿಗೆ ನಾನು ಹೇಳಬೇಕಾಗಿದ್ದ ಉತ್ತರವೂ ಇದೇ.

1960ರ ದಶಕದಲ್ಲಿ ಕಲ್ಕತ್ತ ಮತ್ತು ಢಾಕಾದ ಕಾಲರಾ ಕೇಂದ್ರಗಳಲ್ಲಿ ಇದನ್ನು ರೋಗಿಗಳಲ್ಲಿ ಅಳೆದು ನೋಡಿದರು. 1968ರಲ್ಲಿ ಢಾಕಾದಿಂದ ಡೇವಿಡ್ ನಾಲಿನ್ ಮತ್ತು ರಿಚರ್ಡ್ ಕ್ಯಾಶ್, ಬಾಯಿಯಿಂದ ಕೊಟ್ಟ ದ್ರಾವಣದಿಂದ ಡ್ರಿಪ್ಪಿನ ಅಗತ್ಯ ಬಹಳ ಮಟ್ಟಿಗೆ ತಗ್ಗುತ್ತದೆ ಎಂದು ತೋರಿಸಿದರು. ಆದರೂ ಆಸ್ಪತ್ರೆಯ ಹೊರಗೆ ಇದು ನಡೆಯಲಾರದು ಎಂದು ಹಲವರು ನಂಬಿದ್ದರು. 1971ರಲ್ಲಿ ಬಾಂಗ್ಲಾದೇಶದ ಯುದ್ಧದಿಂದ ಓಡಿಬಂದ ನಿರಾಶ್ರಿತರ ನಡುವೆ ಗಡಿಯ ಬನಗಾಂವ್‌ನಲ್ಲಿ ಕಾಲರಾ ಹಬ್ಬಿತು. ಅಲ್ಲಿಗೆ ಹೋದ ಡಾ. ದಿಲೀಪ್ ಮಹಾಲನಬಿಸ್ ಅವರು ಕಂಡದ್ದು ನೆಲದ ಮೇಲೆ ವಾಂತಿಭೇದಿಯ ನಡುವೆ ಮಲಗಿದ್ದ ರೋಗಿಗಳನ್ನು. ಡ್ರಿಪ್ಪಿನ ಬಾಟಲಿಗಳು ಮುಗಿಯುತ್ತ ಬಂದಿದ್ದವು. ಲೀಟರು ನೀರಿಗೆ 22 ಗ್ರಾಂ ಗ್ಲೂಕೋಸ್, ಮೂರೂವರೆ ಗ್ರಾಂ ಅಡುಗೆ ಉಪ್ಪು, ಎರಡೂವರೆ ಗ್ರಾಂ ಅಡುಗೆ ಸೋಡಾ ಎಂದು ಲೆಕ್ಕ ಹಾಕಿ ಪೊಟ್ಟಣ ಕಟ್ಟಿಸಿದರು, ನಲ್ಲಿಯಿದ್ದ ಡ್ರಮ್ಮುಗಳಲ್ಲಿ ಕಲಸಿಟ್ಟರು, ರೋಗಿಗಳ ಮನೆಯವರೇ ಲೋಟದಲ್ಲಿ ಹಿಡಿದು ಕುಡಿಸುವಂತೆ ಮಾಡಿದರು. ನೂರಕ್ಕೆ 30ರ ಸುಮಾರಿದ್ದ ಸಾವು ನಾಲ್ಕಕ್ಕಿಂತ ಕೆಳಕ್ಕೆ ಇಳಿಯಿತು.

ಇಂದು ಅಂಗಡಿಯಲ್ಲಿ ಸಿಗುವ ಓಆರ್‌ಎಸ್ ಪೊಟ್ಟಣದ ಅಳತೆ 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತಿದ್ದಿದ್ದು. ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್. ಸಕ್ಕರೆ ಹೆಚ್ಚಾದರೆ ಅದು ನೀರನ್ನು ಕರುಳಿನೊಳಕ್ಕೇ ಎಳೆದು ಭೇದಿಯನ್ನು ಹೆಚ್ಚಿಸುತ್ತದೆ. ಆದ್ದರಿಂದ ಬಾಟಲಿಯ ಸಿಹಿ ಪಾನೀಯಗಳನ್ನು ಇದರ ಬದಲಿಗೆ ಕೊಡಬಾರದು ಎಂದು ನಾನು ಒತ್ತಿ ಹೇಳುತ್ತೇನೆ. ಗ್ಲೂಕೋಸಿನ ಜಾಗದಲ್ಲಿ ಅಕ್ಕಿಹಿಟ್ಟನ್ನು ಬೇಯಿಸಿ ಮಾಡಿದ ಓಆರ್‌ಎಸ್ ಕಾಲರಾದಲ್ಲಿ ಭೇದಿಯ ಪ್ರಮಾಣವನ್ನೂ ಕಡಿಮೆ ಮಾಡುತ್ತದೆ. ಪಿಷ್ಟ ಕರುಳಿನಲ್ಲಿ ನಿಧಾನವಾಗಿ ಗ್ಲೂಕೋಸಾಗಿ ಒಡೆಯುತ್ತದೆ, ಒಮ್ಮೆಲೇ ಸಿಹಿ ಹೆಚ್ಚಾಗುವುದಿಲ್ಲ. ಉಪ್ಪು ಹಾಕಿದ ಗಂಜಿಯನ್ನು ಭೇದಿಯಾದವರಿಗೆ ಕೊಡುತ್ತಿದ್ದ ನಮ್ಮ ಅಜ್ಜಿಯಂದಿರಿಗೆ ಸೋಡಿಯಮ್ಮಿನ ಬಾಗಿಲು ಗೊತ್ತಿರಲಿಲ್ಲ, ಆದರೆ ಕೈ ಸರಿಯಾದ ಪಾತ್ರೆಯ ಮೇಲೇ ಇತ್ತು.

ರೋಗನಿರೋಧದ ವಿಚಾರಕ್ಕೆ ಬರುತ್ತೇನೆ. ಹಾಫ್‌ಕಿನ್ ಎಂಬ ವಿಜ್ಞಾನಿ 1894ರಲ್ಲಿಯೇ ಕಲ್ಕತ್ತದ ಬಸ್ತಿಗಳಲ್ಲಿ ಕಾಲರಾ ಲಸಿಕೆ ಚುಚ್ಚಿದರು. ತೋಳಿಗೆ ಚುಚ್ಚುವ ಆ ಬಗೆಯ ಲಸಿಕೆಗಳು ದಶಕಗಟ್ಟಲೆ ಬಳಕೆಯಲ್ಲಿದ್ದವು. ರಕ್ಷಣೆ ಅರೆಬರೆ, ಅದೂ ಕೆಲವು ತಿಂಗಳ ಮಟ್ಟಿಗೆ. ಅದೇ, ಕಾಲರಾ ಬಂದು ಬದುಕಿದವರಿಗೆ ವರ್ಷಗಟ್ಟಲೆ ರಕ್ಷಣೆ ಇರುತ್ತದೆ. ವ್ಯತ್ಯಾಸ ಮತ್ತೆ ಜಾಗದ್ದೇ. ಚುಚ್ಚಿದ ಲಸಿಕೆ ಮುಖ್ಯವಾಗಿ ರಕ್ತದಲ್ಲಿ, ರೋಗಾಣುವನ್ನು ಗುರುತಿಸಿ ಹಿಡಿಯುವ ಪ್ರತಿಕಾಯಗಳನ್ನು ಬೆಳೆಸುತ್ತದೆ. ರೋಗಾಣು ರಕ್ತಕ್ಕೆ ಬರುವುದೇ ಇಲ್ಲ. ಕರುಳಿನ ಗೋಡೆಯಲ್ಲಿ ತನ್ನದೇ ಆದ ಕಾವಲುಪಡೆ ಇದೆ. ಅಲ್ಲಿನ ಕೋಶಗಳು ಐಜಿಎ ಎಂಬ ಪ್ರತಿಕಾಯವನ್ನು ತಯಾರಿಸುತ್ತವೆ, ಒಳಪೊರೆಯ ಕೋಶಗಳು ಅದನ್ನು ತಮ್ಮ ಮೈಯ ಮೂಲಕವೇ ಹಾಯಿಸಿ ಕರುಳಿನ ಪೊಳ್ಳಿಗೆ ಬಿಡುತ್ತವೆ. ನಮ್ಮ ಮೈ ದಿನವೂ ತಯಾರಿಸುವ ಐಜಿಎ ಉಳಿದೆಲ್ಲ ಪ್ರತಿಕಾಯಗಳ ಒಟ್ಟು ಮೊತ್ತಕ್ಕಿಂತ ಹೆಚ್ಚು. ಆ ಪಡೆಯನ್ನು ಎಚ್ಚರಿಸಬೇಕಾದರೆ ಲಸಿಕೆಯೂ ಬಾಯಿಯ ದಾರಿಯಲ್ಲೇ ಬರಬೇಕು.

ಆ ಪ್ರತಿಕಾಯಗಳು ಹಿಡಿಯಬೇಕಾದದ್ದು ಯಾವುದನ್ನು? ವಿಷವೇ ರೋಗಕ್ಕೆ ಕಾರಣವಾದ್ದರಿಂದ ವಿಷವನ್ನು ತಡೆದರೆ ಸಾಕು ಎಂದು ನಮಗೆ ಅನ್ನಿಸುತ್ತದೆ. ಇದಕ್ಕೆ ಉತ್ತರವನ್ನು ಪ್ರಕೃತಿಯೇ ನಮ್ಮ ಪೂರ್ವ ಕರಾವಳಿಯಲ್ಲಿ ಕೊಟ್ಟಿತು. 1992ರ ಕೊನೆಯಲ್ಲಿ ಮದರಾಸಿನಲ್ಲಿ ಒಂದು ಹೊಸ ಕಾಲರಾ ಕಾಣಿಸಿಕೊಂಡಿತು; ಕೆಲವೇ ತಿಂಗಳಲ್ಲಿ ಕಲ್ಕತ್ತ ಮತ್ತು ಬಾಂಗ್ಲಾದೇಶದವರೆಗೆ ಹಬ್ಬಿತು. ಅದಕ್ಕೆ ಓ-139 ಎಂದು ಹೆಸರಿಟ್ಟರು. ಕಾಲರಾ ಮೊದಲಿನಿಂದಲೂ ಇರುವ ಊರುಗಳಲ್ಲಿ ಮಕ್ಕಳೇ ಹೆಚ್ಚಾಗಿ ಕಾಯಿಲೆ ಬೀಳುತ್ತಾರೆ, ದೊಡ್ಡವರಿಗೆ ಹಳೆಯ ಸೋಂಕಿನ ರಕ್ಷಣೆ ಇರುತ್ತದೆ. ಈ ಸಲ ದೊಡ್ಡವರೇ ಸಾಲುಸಾಲಾಗಿ ಆಸ್ಪತ್ರೆಗೆ ಬಂದರು. ಹೊಸ ರೋಗಾಣುವಿನ ವಿಷ ಹಳೆಯದೇ ಆಗಿತ್ತು. ಬದಲಾಗಿದ್ದದ್ದು ಅದರ ಹೊರಮೈಯನ್ನು ಮುಚ್ಚಿದ ಸಕ್ಕರೆಯ ಸರಪಳಿ. ವಿಷದ ವಿರುದ್ಧದ ಪ್ರತಿಕಾಯಗಳೇ ಕಾಯುತ್ತಿದ್ದರೆ ಆ ಹಿರಿಯರಿಗೆ ಕಾಯಿಲೆ ಬರಬಾರದಿತ್ತು. ಕಾಯುತ್ತಿದ್ದದ್ದು ಹೊರಮೈಯ ಸಕ್ಕರೆಯನ್ನು ಗುರುತಿಸುವ ಪ್ರತಿಕಾಯಗಳು. ಹೊದಿಕೆ ಬದಲಾದಾಗ ಅವಕ್ಕೆ ಗುರುತು ಸಿಕ್ಕಲಿಲ್ಲ.

ಅವು ಕಾಯುವ ಬಗೆಯೂ ತಿಳಿದಿದೆ. ಆರಂಭದಲ್ಲಿ ಹೇಳಿದ ಈಜನ್ನು ನೆನೆಸಿಕೊಳ್ಳಿ. ರೋಗಾಣು ಕರುಳಿನ ಲೋಳೆಯನ್ನು ಈಜಿ ದಾಟಿ ಒಳಪೊರೆಯನ್ನು ಮುಟ್ಟಿದರೆ ಮಾತ್ರ ಅಲ್ಲಿ ನೆಲೆಯೂರಬಲ್ಲದು. ಈ ಪ್ರತಿಕಾಯಗಳು ಹೊರಮೈಗೆ ಅಂಟಿಕೊಂಡಾಗ ಅದರ ಈಜು ನಿಲ್ಲುತ್ತದೆ, ಬ್ಯಾಕ್ಟೀರಿಯಾಗಳು ಒಂದಕ್ಕೊಂದು ಕಚ್ಚಿಕೊಂಡು ಗಂಟಾಗುತ್ತವೆ, ಕರುಳಿನ ಚಲನೆ ಅವನ್ನು ಮುಂದಕ್ಕೆ ಸಾಗಿಸಿಬಿಡುತ್ತದೆ. ಯಾವುದನ್ನೂ ಕೊಲ್ಲಬೇಕಾಗಿಯೇ ಇಲ್ಲ. ಸತ್ತ ರೋಗಾಣುಗಳಿಂದ ಮಾಡಿದ, ಬಾಯಿಗೆ ಹಾಕುವ ಲಸಿಕೆಯನ್ನು ಕೋಲ್ಕತ್ತದ ಬಸ್ತಿಗಳಲ್ಲಿ ಸುಮಾರು 67,000 ಜನರ ನಡುವೆ 2006ರಿಂದ ಪರೀಕ್ಷಿಸಿದಾಗ, ಐದು ವರ್ಷಗಳ ಅವಧಿಯಲ್ಲಿ ನೂರಕ್ಕೆ 65ರಷ್ಟು ರಕ್ಷಣೆ ಕಂಡಿತು. ಅದನ್ನು ತಯಾರಿಸಿದ್ದು ಹೈದರಾಬಾದಿನ ಒಂದು ಕಂಪನಿ.

ಪ್ರತಿ ವರ್ಷ ಯಾರಾದರೂ ವಿದ್ಯಾರ್ಥಿ ಕೇಳುವ ಪ್ರಶ್ನೆಯೊಂದಿದೆ: ಈ ವಿಷವನ್ನು ಮಾಡುವುದರಿಂದ ಬ್ಯಾಕ್ಟೀರಿಯಾಕ್ಕೆ ಏನು ಸಿಗುತ್ತದೆ? ಲೀಟರುಗಟ್ಟಲೆ ನೀರಿನೊಡನೆ ಕೋಟಿಕೋಟಿ ಸಂಖ್ಯೆಯಲ್ಲಿ ಹೊರಬಂದು ಇನ್ನೊಬ್ಬರನ್ನು ತಲುಪುವ ಅನುಕೂಲ ಸಿಗುತ್ತದೆ. ಆದರೆ ಉತ್ತರದ ಇನ್ನೊಂದು ಭಾಗ ಹೆಚ್ಚು ಆಶ್ಚರ್ಯದ್ದು. ವಿಷದ ವಂಶವಾಹಿ ಮೂಲದಲ್ಲಿ ಈ ಬ್ಯಾಕ್ಟೀರಿಯಾದ್ದೇ ಅಲ್ಲ. ಬ್ಯಾಕ್ಟೀರಿಯಾಗಳಿಗೆ ಸೋಂಕು ತಗುಲಿಸುವ ಒಂದು ವೈರಸ್ ಅದನ್ನು ಹೊತ್ತು ತಂದು ಅದರ ವಂಶವಾಹಿಗಳ ನಡುವೆ ಸೇರಿಸಿದೆ ಎಂದು 1996ರಲ್ಲಿ ಮ್ಯಾಥ್ಯೂ ವಾಲ್ಡೋರ್ ಮತ್ತು ಜಾನ್ ಮೆಕಲಾನೋಸ್ ತೋರಿಸಿದರು. ಅಳಿವೆಗಳ ಉಪ್ಪುನೀರಿನಲ್ಲಿ ಪುಟ್ಟ ಸಿಗಡಿಜಾತಿಯ ಜೀವಿಗಳ ಮೈಗೆ ಅಂಟಿಕೊಂಡು ಬಾಳುವ ಇದರ ಎಷ್ಟೋ ತಳಿಗಳು ವಿಷವಿಲ್ಲದ ನಿರುಪದ್ರವಿಗಳು. ಹಳೆಯ ಸೀರೆಯನ್ನು ಹಲವು ಪದರವಾಗಿ ಮಡಿಸಿ ಬಿಂದಿಗೆಯ ಬಾಯಿಗೆ ಕಟ್ಟಿ ಸೋಸಿದರೆ ಆ ಪುಟ್ಟ ಜೀವಿಗಳೊಡನೆ ರೋಗಾಣುವೂ ಬಹುಪಾಲು ನಿಲ್ಲುತ್ತದೆ. ರೀಟಾ ಕೋಲ್ವೆಲ್ ಅವರ ತಂಡ ಬಾಂಗ್ಲಾದೇಶದ ಹಳ್ಳಿಗಳಲ್ಲಿ ಇದನ್ನು ಮಾಡಿಸಿದಾಗ ಕಾಲರಾ ಸುಮಾರು ಅರ್ಧಕ್ಕೆ ಇಳಿಯಿತು.

ಕೊನೆಯಲ್ಲಿ ದೇ ಅವರ ಬಗ್ಗೆ ಇನ್ನೆರಡು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಅವರ 1959ರ ಬರಹವನ್ನು ಜಗತ್ತು ಸಾವಕಾಶವಾಗಿ ಗುರುತಿಸಿತು. ಸ್ವದೇಶ ಇನ್ನೂ ಸಾವಕಾಶವಾಗಿ. 1973ರಲ್ಲಿ ನಿವೃತ್ತರಾದರು. ಕಾಲರಾ ಕುರಿತ ನೊಬೆಲ್ ವಿಚಾರ ಸಂಕಿರಣಕ್ಕೆ 1978ರಲ್ಲಿ ಅವರನ್ನು ಕರೆಸಿಕೊಂಡರು. ದೇ ಅವರ ಹೆಸರನ್ನು ನೊಬೆಲ್ ಪುರಸ್ಕೃತ ಜೋಶುವಾ ಲೆಡರ್‌ಬರ್ಗ್ ಆ ಬಹುಮಾನಕ್ಕೆ ಒಂದಕ್ಕಿಂತ ಹೆಚ್ಚು ಸಲ ಸೂಚಿಸಿದ್ದರು. ನಮ್ಮ ಯಾವ ವಿಜ್ಞಾನ ಅಕಾಡೆಮಿಯೂ ಅವರನ್ನು ಸದಸ್ಯರನ್ನಾಗಿ ಆರಿಸಲಿಲ್ಲ. 1985ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡರು. ಐದು ವರ್ಷಗಳ ನಂತರ, 1990ರಲ್ಲಿ, ನಮ್ಮ ಬೆಂಗಳೂರಿನಿಂದ ಹೊರಡುವ ಕರೆಂಟ್ ಸೈನ್ಸ್ ಪತ್ರಿಕೆ ಅವರ ಮೇಲೆ ವಿಶೇಷ ಸಂಚಿಕೆಯನ್ನು ತಂದು ಈ ಲೋಪವನ್ನು ಮುಚ್ಚುಮರೆಯಿಲ್ಲದೆ ಬರೆಯಿತು. ಆ ಸಂಚಿಕೆಯನ್ನು ನಾನು ಗ್ರಂಥಾಲಯದಲ್ಲಿ ನಿಂತುಕೊಂಡೇ ಓದಿ ಮುಗಿಸಿದೆ. ಅದನ್ನು ಓದುವ ತನಕ, ನಾನು ಪರೀಕ್ಷೆಗಾಗಿ ಉರುಹೊಡೆದಿದ್ದ "ಮೊಲದ ಕರುಳಿನ ಕುಣಿಕೆ ಪರೀಕ್ಷೆ" ಒಬ್ಬ ಭಾರತೀಯನ ಕೈಯಿಂದ ಬಂದದ್ದೆಂದು ನನಗೆ ಯಾರೂ ಹೇಳಿರಲಿಲ್ಲ.

ಈ ಪರೀಕ್ಷೆ ಇನ್ನೂ ಬಳಕೆಯಲ್ಲಿದೆ. ಭೇದಿಯ ರೋಗಿಗಳಿಂದ ಹೊಸದೊಂದು ಬ್ಯಾಕ್ಟೀರಿಯಾ ಸಿಕ್ಕು, ಅದು ಕರುಳಿನಲ್ಲಿ ನೀರು ತುಂಬಿಸುವ ವಿಷವನ್ನು ಹೊರಬಿಡುತ್ತದೆಯೇ ಎಂಬ ಅನುಮಾನ ಬಂದಾಗ, ಸಂಶೋಧಕರು ಅದರ ಸೋಸಿದ ದ್ರವವನ್ನು ಮೊಲದ ಕರುಳಿನ ಕಟ್ಟಿದ ತುಂಡಿಗೆ ಬಿಟ್ಟು, ಪಕ್ಕದ ತುಂಡಿಗೆ ಬರಿಯ ದ್ರವ ಬಿಟ್ಟು, ಹೊಲಿದು, ಮರುದಿನದವರೆಗೆ ಕಾಯುತ್ತಾರೆ.